ಓಡಿದ ಎದೆಯ ಸದ್ದು

ಲಾಯದ ಹಿಂದಿನ ಮನೆ,
ಗುರುವಾರ, ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮ? ಕೆಮ್ಮು ಹೋಯಿತೇ? ಹೊಸ ಕೆಲಸವೆಂದು ಊಟ ಬಿಡಬೇಡ. ನಾನು ಇದ್ದೇನೆ, ಮಂಡಿ ಮಾತ್ರ ನನ್ನ ಮಾತು ಕೇಳುವುದಿಲ್ಲ. ಚಿಕ್ಕವಳು ಚೆನ್ನಾಗಿದ್ದಾಳೆ. ಇದನ್ನೇ ಮೊದಲು ಬರೆಯಬೇಕಿತ್ತು, ನೀನು ಹುಡುಕುವ ಸಾಲು ಅದೇ ಎಂದು ಗೊತ್ತು.

ನಮ್ಮ ಕೆಂಚಿಯ ಎದೆಯಲ್ಲಿ ಬಡಿತದ ಜೊತೆ ಬೇರೊಂದು ಸದ್ದು ಕೇಳಿಸಿದೆ. ನೆನಪಿದೆಯಲ್ಲ, ಆ ಕೆಂಪು ಹೆಣ್ಣುಕುದುರೆ, ನಿನ್ನ ದೊಡ್ಡ ಮಗಳ ಜೇಬಿಗೇ ಬಾಯಿ ಹಾಕುತ್ತಿದ್ದವಳು. ಪಂದ್ಯಕ್ಕೆ ಮೊದಲಿನ ತಪಾಸಣೆಗೆ ಬಂದ ಕುದುರೆ ಡಾಕ್ಟರಮ್ಮ ಎಡ ಮುಂಗಾಲಿನ ಹಿಂದೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ನಿಂತರು. "ಸದ್ದಿದೆ" ಅಂದರು. ನನ್ನ ಕೈಯಲ್ಲಿದ್ದ ಹಗ್ಗ ಜಾರಿತು. ಆ ಮಾತನ್ನು ನಾವು ಎಷ್ಟು ಡಾಕ್ಟರುಗಳ ಬಾಯಲ್ಲಿ ಕೇಳಿದ್ದೇವೆ! ಅವರು ನನ್ನ ಮುಖ ನೋಡಿ, "ಏನ್ರೀ ಯಜಮಾನ್ರೇ, ಕುದುರೆಗಿಂತ ನಿಮ್ಮ ಎದೇನೇ ಜೋರಾಗಿ ಹೊಡ್ಕೊಳ್ತಿದೆ" ಎಂದು ನಕ್ಕರು. ಆಮೇಲೆ ಬಿಡಿಸಿ ಹೇಳಿದರು. ಮರಿಯಾಗಿ ಬಂದಾಗ ಇದಕ್ಕೆ ಸದ್ದಿರಲಿಲ್ಲವಂತೆ. ವರ್ಷಗಟ್ಟಲೆ ಓಡಿಸಿದರೆ ಹೃದಯವೂ ರಟ್ಟೆಯ ಹಾಗೆ ಬೆಳೆಯುತ್ತದೆ, ಗೋಡೆ ದಪ್ಪವಾಗುತ್ತದೆ, ಒಳಗೆ ಜಾಗ ಹೆಚ್ಚುತ್ತದೆ. ಆಗ ಕವಾಟಗಳು ಪೂರ್ತಿ ಮುಚ್ಚದೆ ಒಂದಿಷ್ಟು ರಕ್ತ ಹಿಂದಕ್ಕೆ ಸೋರುವುದುಂಟು. ಓಟದ ಕುದುರೆಗಳಲ್ಲಿ ಇದು ಅಪರೂಪವಲ್ಲ. ಯಂತ್ರವಿಟ್ಟೂ ನೋಡಿದರು. ಕೆಂಚಿಯದು ಸಣ್ಣ ಸೋರಿಕೆ. ಓಡಬಹುದು, ಆಗಾಗ ಪರೀಕ್ಷೆ ಮಾಡಿಸುತ್ತಿರಬೇಕು. "ಗ್ಯಾರಂಟಿ ಕೊಡೋಕೆ ನಾನೇನು ದೇವರಲ್ಲ" ಎಂದೂ ಅಂದರು.

ನನ್ನ ಕಿವಿಗೂ ಇಟ್ಟು ಕೇಳಿಸಿದರು. ಎರಡು ಬಡಿತಗಳ ನಡುವೆ, ಯಾರೋ ನಿಟ್ಟುಸಿರು ಬಿಟ್ಟ ಹಾಗೆ. ದೊಡ್ಡವಳ ಬೆನ್ನಿಗೆ ಕಿವಿ ಆನಿಸಿದಾಗ ಕೇಳುತ್ತಿದ್ದದ್ದೂ ಇಂಥದ್ದೇ. ಅವಳದು ಹುಟ್ಟಿನಿಂದ ಬಂದದ್ದು, ಇದು ಓಡಿ ಬಂದದ್ದು. ಎರಡೂ ಒಂದಲ್ಲ, ಗೊತ್ತು. ಆದರೂ ಹುಲ್ಲಿನ ಹೊರೆಯ ಮೇಲೆ ಕೂತುಬಿಟ್ಟೆ. ಅವಳನ್ನು ನಾವು ಒಂದು ದಿನವೂ ಓಡಗೊಡಲಿಲ್ಲ ಮಗಳೇ. ಓಡದೆಯೇ ಹೋದಳು.

ಚಿಕ್ಕವಳ ಎದೆಯಲ್ಲಿ ಏನೂ ದೋಷವಿಲ್ಲವೆಂದು ಆಸ್ಪತ್ರೆಯಲ್ಲಿ ಹೇಳಿದ್ದನ್ನು ನೀನೂ ಕೇಳಿದ್ದೀಯ. ಆದರೂ "ಇವಳನ್ನಾದ್ರೂ ಓಡೋಕೆ ಬಿಡಬೇಡಪ್ಪ" ಎಂದು ಊರು ಬಿಡುವಾಗ ನೀನು ನನ್ನಿಂದ ಮಾತು ತೆಗೆದುಕೊಂಡು ಹೋದೆ. ಆ ಮಾತು ನಡೆಸಿದ್ದೇನೆ. ಮೆಟ್ಟಿಲು ಹತ್ತುವಾಗ ಅಕ್ಕ ಏದುಸಿರು ಬಿಟ್ಟು ನಿಲ್ಲುತ್ತಿದ್ದ ತಿರುವಿನಲ್ಲಿ ಈಗ ಇವಳೂ ನಿಲ್ಲುತ್ತಾಳೆ, ಎದೆಯ ಮೇಲೆ ಕೈಯಿಟ್ಟುಕೊಂಡು. "ಸುಸ್ತಾಯ್ತಾ ಪುಟ್ಟೀ?" ಅಂದರೆ, "ಇಲ್ಲ ಅಜ್ಜ, ಇಲ್ಲಿ ನಿಲ್ಬೇಕಲ್ವಾ?" ಅನ್ನುತ್ತಾಳೆ.

ದಣಿದಿದ್ದೇನೆ. ಕೆಂಚಿಗೆ ನೀರಿಡುವ ಹೊತ್ತಾಯಿತು. ನಿನ್ನ ತಲೆಯ ಮೇಲೆ ನನ್ನ ಕೈ ಇದೆ ಎಂದುಕೊಂಡು ನಿದ್ದೆ ಮಾಡು.

ನಿನ್ನ
ಅಪ್ಪ

ಮೇಲೆ ಬರೆಯದೆ ಬಿಟ್ಟ ಮಾತು: ಮುಂದಿನ ತಿಂಗಳ ಮೊದಲ ಶನಿವಾರ ಶಾಲೆಯಲ್ಲಿ ಓಟದ ಪಂದ್ಯ. ಚಿಕ್ಕವಳು ಹೆಸರು ಕೊಟ್ಟು ಬಂದಿದ್ದಾಳೆ. ಬೇಡ ಎನ್ನಲು ನನಗೆ ಬಾಯಿ ಬರುತ್ತಿಲ್ಲ. ಹೇಳಲೇಬೇಕಿದ್ದರೆ ನೀನೇ ಬಾ, ಆ ಮೆಟ್ಟಿಲಿನ ತಿರುವಿನಲ್ಲಿ ಅವಳ ಪಕ್ಕ ನಿಂತು ಹೇಳು. ನೀನು ಬರದಿದ್ದರೆ, ಅವಳ ಶೂ ಲೇಸು ನಾನೇ ಕಟ್ಟುತ್ತೇನೆ.