ಮಾತು ನಿಂತ ಕಂಪ್ಯೂಟರು

ಮಾರ್ಚ್ ೧೧, ಮಂಗಳವಾರ

ಕಂಪ್ಯೂಟರು ಇವತ್ತೂ ಬಾಯಿ ಬಿಡಲಿಲ್ಲ. ಹೋದ ವಾರ ಹೇಳದೆ ಕೇಳದೆ ಬಂದು ಕೂತ ಅಪ್‌ಡೇಟು ಧ್ವನಿ ಹೊರಡಿಸುವ ತಂತ್ರಾಂಶವನ್ನು, ಅಂದರೆ ಡ್ರೈವರನ್ನು, ಕೆಡಿಸಿತು. ಕಣ್ಣು ಮಂಜಾದ ಮೇಲೆ ದಪ್ಪ ಅಕ್ಷರದಲ್ಲಿ ನಾಲ್ಕು ಸಾಲು ಬರೆಯುವುದಷ್ಟೇ ನನ್ನ ಕೈಲಾಗುತ್ತದೆ. ಪತ್ರಿಕೆ, ಪುಸ್ತಕ ಓದಿ ಹೇಳುತ್ತಿದ್ದದ್ದು ಈ ಕಂಪ್ಯೂಟರೇ. ಹಿಂದೆ ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಆದರೂ ಯಾರೂ ಮನೆಗೆ ನುಗ್ಗಿ ಅದರ ಗಂಟಲು ಹಿಸುಕುತ್ತಿರಲಿಲ್ಲ. ಸಹಾಯವಾಣಿಯವನು "ಯಂತ್ರ ಹಳೇದು ಸಾರ್" ಅಂದ. "ನಾನೂ ಹಳಬನೇ, ಎಸೆದುಬಿಡ್ತೀರಾ?" ಅಂದೆ. ಫೋನ್ ಇಟ್ಟ.

ಸಂಜೆ ಮಗಳು ಇನ್ನೊಂದು ಡ್ರೈವರ್ ಹಾಕಿ ನೋಡಿ ಕೈಚೆಲ್ಲಿದಳು. "ಅಪ್ಪಾ, ಮೊದಲೇ ಹೇಳಿದ್ನಲ್ಲ, ಎಲ್ಲಾ ಅಳಿಸಿ ಆಪರೇಟಿಂಗ್ ಸಿಸ್ಟಮ್ಮನ್ನೇ ಹೊಸದಾಗಿ ಹಾಕ್ಬೇಕು. ಪುಸ್ತಕಗಳನ್ನ ಬೇರೆ ಕಡೆ ಉಳಿಸಿದೀನಿ. ಆದ್ರೆ ನೀವು ಅದಕ್ಕೆ ಕಲಿಸಿದ ಉಚ್ಚಾರಣೆ ಹೋಗುತ್ತೆ."

ವರ್ಷಗಟ್ಟಲೆ ಕೂತು ಒಂದೊಂದೇ ಪದ ತಿದ್ದಿದ್ದೆ. ಅದಕ್ಕೇ ಇಷ್ಟು ದಿನ ಒಪ್ಪಿರಲಿಲ್ಲ. ಇವತ್ತು ಒಪ್ಪಿದೆ. ಕಾರಣ ನನ್ನ ಹೆಂಡತಿ. ಯಂತ್ರದ ಮಾತು ನಿಂತಂದಿನಿಂದ, ಯಾರೂ ಕೇಳದೆಯೇ, ಪಕ್ಕದಲ್ಲಿ ಕೂತು ಪತ್ರಿಕೆ ಓದಿದಳು. ಮಂತ್ರಿಯ ಭರವಸೆ ಬಂದಾಗ ನಿಲ್ಲಿಸಿ, "ಹೋದ ಚುನಾವಣೇಲೂ ಇದನ್ನೇ ಅಲ್ವೇನ್ರಿ ಹೇಳಿದ್ದು?" ಅನ್ನುತ್ತಾಳೆ. ಯಂತ್ರ ಒಂದು ದಿನವೂ ಹಾಗೆ ಕೇಳಲಿಲ್ಲ. ಸುದ್ದಿ ಕೇಳಿ ಬರುವ ಸಿಟ್ಟನ್ನೆಲ್ಲ ನಾನೊಬ್ಬನೇ ಹೊತ್ತಿದ್ದೇನೆ ಅಂದುಕೊಂಡಿದ್ದೆ. ಅರ್ಧ ಅವಳ ಹೆಗಲ ಮೇಲೂ ಇತ್ತು.

"ನಾಳೆ ಅದಕ್ಕೆ ಮಾತು ಬಂದ್ರೆ ನನಗೆ ರಜಾನಾ?" ಅಂದಳು.

"ಪುಸ್ತಕ ಅದು ಓದಲಿ. ಸಂಪಾದಕೀಯ ನೀನೇ ಓದ್ಬೇಕು."

"ಹಾಗಾದ್ರೆ ಮಧ್ಯೆ ಬಾಯಿ ಹಾಕ್ಬಾರ್ದು!"

ಬಾಯಿ ಹಾಕುವುದು ಯಾರು ಎಂದು ಕೇಳಹೊರಟವನು "ಆಯ್ತು" ಅಂದೆ. ಅಳಿಸಿಹೋಗಲಿ. ಉಚ್ಚಾರಣೆ ಮತ್ತೆ ಕಲಿಸಿದರಾಯಿತು, ಈ ಸಲ ಇಬ್ಬರೂ ಕೂತು...