ಸಾಂಬಾರಿಗೆ ಬಿದ್ದ ಬೆಲ್ಲ

3 ಜೂನ್, ಸೋಮವಾರ. ಬೆಳಿಗ್ಗೆ 9.30

ಇವತ್ತೂ ಅದೇ ಸರ್ಕಾರಿ ಕ್ಯಾಂಟೀನ್, ಅದೇ ಕ್ಯೂ. ಇಡ್ಲಿಗೆ ಹೆಸರಿಡುವ ಹಾಗಿಲ್ಲ. ಸಾಂಬಾರು ಮಾತ್ರ... ಶಿವ ಶಿವಾ! ನಲವತ್ತೊಂದು ವರ್ಷ ಉಡುಪಿ ಹೋಟೆಲಿನಲ್ಲಿ ಹೆಡ್ ಕುಕ್ ಆಗಿದ್ದ ರಾಮದಾಸ ನಾನು. ಹೋಟೆಲ್ ಮುಚ್ಚಿತು, ನಾಲಗೆ ಮುಚ್ಚಿಲ್ಲ. ಅಡುಗೆಯ ಅಮುದಾಗೆ ಹೇಳಿಯೇಬಿಟ್ಟೆ, ಒಂದು ತುಂಡು ಬೆಲ್ಲ ಹಾಕಮ್ಮಾ ಅಂತ. ಸೌಟು ತೋರಿಸಿದಳು.

ಹೆಂಡತಿ ಕಲಾವತಿಗೆ ಮಾತ್ರ ಗೊತ್ತಾಗಬಾರದು. ಟಿ. ನಗರದ ಹೊಸ ಹೋಟೆಲಿನವರು ದಿನಾ ಟೇಸ್ಟ್ ನೋಡಲು ಕರೆಯುತ್ತಾರೆ, ತಿಂಡಿ ಅಲ್ಲೇ ಎಂದು ಹೇಳಿಟ್ಟಿದ್ದೇನೆ. ರೇಷನ್ ಅಕ್ಕಿ ತಿಂಗಳ ಕೊನೆ ಮುಟ್ಟುವುದಿಲ್ಲ. ನಾನು ಹೊರಗೆ ತಿಂದರೆ ಅವಳಿಗಾದರೂ ಸಾಕಾಗುತ್ತದೆ. ಊರಿಗೆಲ್ಲ ಬಡಿಸಿದವನು ತಟ್ಟೆ ಹಿಡಿದು ನಿಂತದ್ದನ್ನು ಅವಳು ನೋಡಿದರೆ ನಾಚಿಕೆಯಿಂದ ಸತ್ತೇಹೋಗುತ್ತೇನೆ.

4 ಜೂನ್, ಮಂಗಳವಾರ. ಮಧ್ಯಾಹ್ನ

ಕಲಾವತಿ ಲೀಲಮ್ಮನ ಮನೆ ಭಜನೆಗೆ. ಈಗೀಗ ದಿನಾ ಹೋಗುತ್ತಾಳೆ, ಊಟವೂ ಅಲ್ಲೇ ಅಂತೆ. ನನಗೆ ಮೊಸರನ್ನ ಮುಚ್ಚಿಟ್ಟಿದ್ದಾಳೆ. ಈ ವಯಸ್ಸಿನಲ್ಲಿ ಅದೇನು ಭಕ್ತಿಯೋ! ಇರಲಿ, ಪುಣ್ಯದಲ್ಲಿ ಅರ್ಧ ನನಗೂ ಬರುತ್ತದೆ.

10 ಜೂನ್, ಸೋಮವಾರ

ತಪ್ಪು ಮಾಡಿದೆ.

ಗ್ಯಾಸ್ ಸಿಲಿಂಡರ್ ಬಂತೆಂದು ಅಮುದಾ ಹೊರಗೆ ಓಡಿದಳು. "ತಾತಾ, ಕೊಂಜಂ ಪಾತ್ತುಕೋಂಗ" ಎಂದು, ಸ್ವಲ್ಪ ನೋಡಿಕೊಳ್ಳಿ ಅಂತ ಸೌಟು ನನ್ನ ಕೈಗೆ. ಒಲೆಯ ಮೇಲೆ ಮಧ್ಯಾಹ್ನದ ಸಾಂಬಾರು, ದೊಡ್ಡ ಹಂಡೆ. ಪಂಚೆಯ ಗಂಟಿನಲ್ಲಿ ಬೆಲ್ಲ ಇಟ್ಟುಕೊಳ್ಳುವುದು ಹೋಟೆಲಿನ ಕಾಲದ ಅಭ್ಯಾಸ. ಕೈ ತಾನಾಗಿ ಅಲ್ಲಿಗೆ ಹೋಯಿತು. ಮುಷ್ಟಿಗಾತ್ರದ ಉಂಡೆ — ಬುಳುಕ್! ಆಮೇಲೆ ನೆನಪಾಯಿತು, ಇದು ಉಡುಪಿ ಹೋಟೆಲಲ್ಲ, ವೆಸ್ಟ್ ಮಾಂಬಲಂ ಕ್ಯಾಂಟೀನು; ತಮಿಳರ ಸಾಂಬಾರಿಗೆ ಬೆಲ್ಲ ಬೀಳುವುದಿಲ್ಲ.

11 ಜೂನ್, ಮಂಗಳವಾರ. ಬೆಳಿಗ್ಗೆ 10

ಇಡೀ ಕ್ಯೂ ಎದುರಿಗೇ ಅಮುದಾಳಿಂದ ಮಂಗಳಾರತಿ. "ಸಾಂಬಾರ್ಲ ವೆಲ್ಲಂ ಪೋಟ್ಟದು ನೀಂಗದಾನೇ?" ಬೆಲ್ಲ ಹಾಕಿದ್ದು ನೀವೇ ತಾನೇ ಅಂತ. ಸಾಂಬಾರೋ ಪಾಯಸವೋ ಎಂದು ಆಟೋದವನೊಬ್ಬ ಕೇಳಿದನಂತೆ. ಬೆಲ್ಲ ಹಾಕಿದವನನ್ನು ಇನ್ನು ಒಳಗೆ ಬಿಡಬೇಡ ಎಂದು ಸೂಪರ್‌ವೈಸರ್ ಆರ್ಡರ್. ಈ ಬಾಗಿಲೂ ಮುಚ್ಚಿದರೆ ಬೆಳಗಿನ ತಿಂಡಿ ಎಲ್ಲಿ? ಕಲಾವತಿಗೆ ಏನೆಂದು ಹೇಳಲಿ?

ಅಮುದಾ ಪುಣ್ಯಾತ್ಗಿತ್ತಿ. ಕ್ಯೂಗೆ ಬಾ, ಅಡುಗೆಮನೆಗೆ ಕಾಲಿಡಬೇಡ ಎಂದಳು. ಆಮೇಲೆ ದನಿ ತಗ್ಗಿಸಿದಳು. ಎಲ್ಲರೂ ಬೈದರೂ ದಿನಾ ಮಧ್ಯಾಹ್ನ ಬರುವ ಕನ್ನಡದ ಪಾಟಿ, ಅದೇ ಅಜ್ಜಿ, ಮಾತ್ರ ಎರಡನೇ ಸಲ ಹಾಕಿಸಿಕೊಂಡರಂತೆ. ಉಣ್ಣುತ್ತ ಕಣ್ಣೊರೆಸಿಕೊಂಡರಂತೆ. ಮಾಡಿದವರ ಬಲ ಮಣಿಕಟ್ಟಿನಲ್ಲಿ ಸುಟ್ಟ ಕಲೆ ಇದೆಯಾ ಎಂದು ಕೇಳಿದರಂತೆ.

ನನ್ನ ಮಣಿಕಟ್ಟು ನೋಡಿಕೊಂಡೆ. ದೋಸೆ ಕಾವಲಿ ಸುಟ್ಟ ಕಲೆ ಅಲ್ಲೇ ಇತ್ತು.

ಹಾಗಾದರೆ ಲೀಲಮ್ಮನ ಮನೆಯಲ್ಲಿ ಭಜನೆಯೂ ಇಲ್ಲ, ಊಟವೂ ಇಲ್ಲ. ಅಯ್ಯೋ ಕಳ್ಳಿ! ಮನೆಯ ಅನ್ನ ನನಗಿಟ್ಟು ಅವಳು ಇಲ್ಲಿ... ಅತ್ತುಬಿಟ್ಟೆ. ಖಾರ ಜಾಸ್ತಿ ಎಂದು ಅಮುದಾಗೆ ಸುಳ್ಳು ಹೇಳಿದೆ, ಅದಕ್ಕೂ ಬೈದಳು.

12 ಜೂನ್, ಬುಧವಾರ. ಬೆಳಿಗ್ಗೆ 7

ನಿನ್ನೆ ಇಡೀ ದಿನ ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಈಗ ನೋಡಿದರೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ.

"ಎಂತ ಬರೀತಾ ಕೂತದ್ದು? ಹೊರಡಿ. ಟೇಸ್ಟ್ ನೋಡ್ಲಿಕ್ಕೆ ಇವತ್ತು ನಾನೂ ಬರ್ತೇನೆ."

"ಮತ್ತೆ ನಿನ್ನ ಭಜನೆ?"

"ಕ್ಯೂನಲ್ಲೇ ಮಾಡುವಾ."

ನನ್ನ ಗಂಟಿನಿಂದ ಬೆಲ್ಲ ಕಿತ್ತು ಡಬ್ಬಿಗೆ ಹಾಕಿದಳು. ಏನನ್ನಿಸಿತೋ, ಚೂರು ಮುರಿದು ಕೈಗಿಟ್ಟಳು. "ನಮ್ಮಿಬ್ಬರ ತಟ್ಟೆಗೆ ಇಷ್ಟು ಸಾಕು. ಮೊನ್ನೆ ಜಾಸ್ತಿ ಆಗಿತ್ತು."

ಜಾಸ್ತಿಯಾ? ನಲವತ್ತೊಂದು ವರ್ಷದಲ್ಲಿ ಒಬ್ಬರೂ ಹಾಗೆ ಹೇಳಿಲ್ಲ! ಜಾಸ್ತಿಯಾಗಿದ್ದರೆ ಎರಡನೇ ಸಲ ಹಾಕಿಸಿಕೊಂಡದ್ದು ಯಾಕೆ ಎಂದು ಕೇಳಿಯೇ ಕೇಳು... ಕರೆಯುತ್ತಿದ್ದಾಳೆ. ಕ್ಯೂ ಉದ್ದ ಆಗುತ್ತದಂತೆ. ಬಂದೆ ಮಾರಾಯ್ತಿ, ಬಂ—