ಗೋಡೆಯ ಮೇಲಿನ ಪಾದದ ಗುರುತು

ಅಮ್ಮಾ,

ನೀನು ತೀರಿಕೊಂಡು ನಾಲ್ಕು ವರ್ಷವಾಯಿತು. ಆದರೂ ಇವತ್ತಿನದನ್ನು ನಿನಗೇ ಹೇಳಬೇಕು.

ವಿಶಾಖಪಟ್ಟಣದಲ್ಲಿ ಡಾಕ್ಟರಿಗೆ ಕಾಲು ತೋರಿಸಿ ಬಂದೆ. ಬ್ಯೂಟಿ ಪಾರ್ಲರಿನಲ್ಲಿ ಇಡೀ ದಿನ ನಿಂತೇ ಕೆಲಸ. ಸಂಜೆಯಾದರೆ ಕಾಲು ಭಾರವಾಗಿ ಊದಿಕೊಳ್ಳುತ್ತದೆ, ಮೀನಖಂಡದ ಮೇಲೆ ನೀಲಿ ನರಗಳು ಸುತ್ತಿಕೊಂಡು ಉಬ್ಬಿವೆ. ವೆರಿಕೋಸ್ ವೇನ್ಸ್ ಅಂತೆ. ಮೇಲೆ ಹೋಗುವ ರಕ್ತ ಹಿಂದಕ್ಕೆ ಇಳಿಯದಂತೆ ತಡೆಯುವ ಸಣ್ಣ ಕವಾಟಗಳು ಸೋತು, ರಕ್ತ ಕಾಲಲ್ಲೇ ನಿಂತುಬಿಡುತ್ತದಂತೆ. ತಾಯಿಗೂ ಇತ್ತೇ ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಗೊತ್ತಿತ್ತು. ವಿಜಯವಾಡದಲ್ಲಿ ನೀನು ಕೆಲಸಕ್ಕಿದ್ದ ಆ ಸೀರೆ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗಲೂ ನೀವ್ಯಾರೂ ಕೂರುವಂತಿರಲಿಲ್ಲ. ಸಂಜೆ ಭವಾನಿಪುರಂನ ನಮ್ಮ ಮನೆಗೆ ಬಂದವಳೇ ನೀನು ನೆಲದ ಮೇಲೆ ಮಲಗಿ, ಎರಡೂ ಕಾಲನ್ನು ಗೋಡೆಗೆ ಆನಿಸುತ್ತಿದ್ದೆ. ಗಂಡಿನವರು ನನ್ನನ್ನು ನೋಡಲು ಬರುವ ಹಿಂದಿನ ದಿನ, ಗೋಡೆಯ ಮೇಲಿದ್ದ ನಿನ್ನ ಪಾದದ ಗುರುತಿನ ಮೇಲೆ ನಾನೇ ಸುಣ್ಣ ಬಳಿದೆ.

"ಇನ್ಮೇಲೆ ಹಂಗ ಮಲಗಬ್ಯಾಡಮ್ಮ, ನೋಡಿದೋರು ಏನಂತಾರ" ಎಂದೆ.

"ಆತವ್ವ, ಮಲಗಂಗಿಲ್ಲ ಬಿಡು" ಎಂದು ನೀನು ಸೀರೆಯ ಅಂಚನ್ನು ಪಾದದವರೆಗೆ ಎಳೆದುಕೊಂಡೆ.

ಆ ಗೋಡೆ ಕೊನೆಯವರೆಗೂ ಬೆಳ್ಳಗೇ ಇತ್ತು.

ಕಾಲನ್ನು ಎತ್ತರಕ್ಕಿಟ್ಟು ದಿನಾ ಸ್ವಲ್ಪ ಹೊತ್ತು ಮಲಗಬೇಕು ಎಂದಿದ್ದಾರೆ ಡಾಕ್ಟರು. ಪೆಂಡುರ್ತಿಯ ನನ್ನ ಮನೆಗೆ ಬಂದು ಗೋಡೆಗೆ ಕಾಲು ಆನಿಸಿದೆ. ನಿನ್ನ ಮೊಮ್ಮಗಳು, ಸಿಂಧೂರ, ಒಂದು ದಿಂಬು ತಂದು ನನ್ನ ಸೊಂಟದ ಕೆಳಗಿಟ್ಟು ಹೋದಳು.

ನಾನು ಕೇಳಿರಲೂ ಇಲ್ಲ.